ನ್ಯಾಯಾಲಯದ ತೀರ್ಪೂ ಷೇರುದಾರನ ಅಂತಃಸಾಕ್ಷಿಯೂ

ದೊಡ್ಡ ಕಂಪನಿಯೊಂದು ವ್ಯಾಜ್ಯಕ್ಕೆ ಸಿಲುಕಿ ಅದರ ಷೇರು ಅಗ್ಗವಾದಾಗ ಕೊಂಡುಕೊಳ್ಳುವುದೇ ಜಾಣತನವೆಂದು ಬೋಧಿಸುವವರು ಇಂದು ಎಲ್ಲೆಡೆ ಇದ್ದಾರೆ. ಕಂಪನಿ ತಪ್ಪು ಮಾಡಿದ್ದರೆ ನ್ಯಾಯಾಲಯ ದಂಡಿಸುತ್ತದೆ, ಮಾಡಿಲ್ಲದಿದ್ದರೆ ಬಿಡುತ್ತದೆ, ಹಣ ಹೂಡಿದವನಿಗೆ ಅದರ ಗೊಡವೆ ಏಕೆ ಎಂಬುದು ಅವರ ವಾದ. ಕೇಳುವುದಕ್ಕೆ ನಿರ್ದೋಷವಾಗಿ ತೋರುವ ಈ ಮಾತು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ಅಮೆರಿಕದ ಕ್ವಾಲ್ಕಾಮ್ ಕಂಪನಿಯ ವೃತ್ತಾಂತವೇ ಇದಕ್ಕೆ ನಿದರ್ಶನ.

1985ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಹುಟ್ಟಿದ ಈ ಕಂಪನಿಯು ಸಿಡಿಎಂಎ ಎಂಬ ಮೊಬೈಲ್ ಸಂಪರ್ಕ ವಿಧಾನವನ್ನು ಬೆಳೆಸಿ ಖ್ಯಾತಿ ಪಡೆಯಿತು. ಅದರ ಆದಾಯಕ್ಕೆ ಎರಡು ಮೂಲಗಳಿವೆ: ಒಂದು, ಫೋನಿನೊಳಗಿನ ಚಿಪ್‌ಗಳ ಮಾರಾಟ, ಇನ್ನೊಂದು, ಪೇಟೆಂಟ್‌ಗಳ ಮೇಲಣ ರಾಯಧನ. ಸಂಶೋಧಕನಿಗೆ ಶ್ರಮದ ಫಲ ಸಲ್ಲಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಒಬ್ಬನ ಪೇಟೆಂಟ್ ಇಡೀ ಉದ್ಯಮದ ಸಾಮಾನ್ಯ ಮಾನಕದೊಳಗೆ ಸೇರಿಕೊಂಡ ಮೇಲೆ ಬೇರೆ ತಯಾರಕರಿಗೆ ಅದನ್ನು ತಪ್ಪಿಸಿ ಹೋಗುವ ದಾರಿಯಿರುವುದಿಲ್ಲ. ಆದ್ದರಿಂದಲೇ ಅಂಥ ಪೇಟೆಂಟಿನ ಒಡೆಯನು ನ್ಯಾಯವಾದ, ಪಕ್ಷಪಾತವಿಲ್ಲದ ಷರತ್ತುಗಳ ಮೇಲೆ ಪರವಾನಗಿ ಕೊಡುವುದಾಗಿ ಮೊದಲೇ ವಚನವೀಯುತ್ತಾನೆ. ಕ್ವಾಲ್ಕಾಮ್ ಮೇಲಿನ ದೂರು ಈ ವಚನಕ್ಕೆ ಸಂಬಂಧಿಸಿದ್ದು: ಪರವಾನಗಿಗೆ ಒಪ್ಪದ ಫೋನ್ ತಯಾರಕನಿಗೆ ಚಿಪ್ಪನ್ನು ಮಾರುವುದಿಲ್ಲ, ಎದುರಾಳಿ ಚಿಪ್ ತಯಾರಕರಿಗೆ ಪರವಾನಗಿ ಕೊಡುವುದಿಲ್ಲ, ರಾಯಧನವನ್ನು ಚಿಪ್ಪಿನ ಬೆಲೆಯ ಮೇಲಲ್ಲದೆ ಇಡೀ ಫೋನಿನ ಬೆಲೆಯ ಮೇಲೆ ಲೆಕ್ಕ ಹಾಕುತ್ತದೆ.

ಈ ದೂರಿಗೆ ಸಿಕ್ಕಿದ ಉತ್ತರಗಳನ್ನು ನೋಡಬೇಕು. 2015ರಲ್ಲಿ ಚೀನವು 97.5 ಕೋಟಿ ಡಾಲರ್ ದಂಡ ವಿಧಿಸಿತು. 2016ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯದ ಆಯೋಗವು ಒಂದು ಲಕ್ಷ ಕೋಟಿ ವಾನ್‌ಗೂ ಮಿಗಿಲಾದ ದಂಡ ವಿಧಿಸಿತು. 2017ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. ಅದೇ ತಿಂಗಳು ಆಪಲ್ ಕಂಪನಿಯೂ ಹೂಡಿತು. 2019ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಧೀಶೆ ಲೂಸಿ ಕೋ ಅವರು ಕಂಪನಿಯ ನಡೆ ಕಾನೂನುಬಾಹಿರವೆಂದರು. 2020ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. 2023ರ ಏಪ್ರಿಲಿನಲ್ಲಿ ಕೊರಿಯದ ಸುಪ್ರೀಂ ಕೋರ್ಟು ತನ್ನ ದೇಶದ ದಂಡವನ್ನು ಎತ್ತಿಹಿಡಿಯಿತು.

ವ್ಯಾಪಾರದ ಕ್ರಮ ಒಂದೇ. ವಾಷಿಂಗ್ಟನ್ನಿನ ಆಯೋಗವು ಸೋತಿತು, ಕೊರಿಯದ ಆಯೋಗವು ಗೆದ್ದಿತು. ತೀರ್ಪಿಗೆ ತಲೆಬಾಗುತ್ತೇನೆನ್ನುವ ಹೂಡಿಕೆದಾರನು ಯಾವ ತೀರ್ಪಿಗೆ ತಲೆಬಾಗಬೇಕು? ತನಗೆ ಲಾಭ ತಂದದ್ದಕ್ಕೆ ಮಾತ್ರವೆ? ಅಮೆರಿಕದ ಮೇಲ್ಮನವಿ ನ್ಯಾಯಾಲಯವಾದರೂ ಕಂಪನಿಯ ನಡೆ ಸಾಧುವೆಂದು ಸಾರಲಿಲ್ಲ. ಸ್ಪರ್ಧಾ ಕಾನೂನಿಗೆ ಅದು ವಿರುದ್ಧವಲ್ಲವೆಂದಿತು. ಕೊಟ್ಟ ವಚನ ಮುರಿದಿದ್ದರೆ ಅದು ಕರಾರು ಮತ್ತು ಪೇಟೆಂಟ್ ಕಾನೂನುಗಳ ವಿಷಯವೆಂದು ಬದಿಗಿಟ್ಟಿತು. ಕಾನೂನು ನಿಷೇಧಿಸದಿರುವುದಕ್ಕೂ ಧರ್ಮ ಒಪ್ಪುವುದಕ್ಕೂ ಇರುವ ಅಂತರ ಇಲ್ಲಿಯೇ ಇದೆ.

ಪೇಟೆಯ ನಡವಳಿಕೆಯನ್ನೂ ಗಮನಿಸಬೇಕು. 2019ರ ಏಪ್ರಿಲ್ 16ರಂದು ಆಪಲ್ ಜೊತೆ ರಾಜಿಯಾಯಿತೆಂಬ ಸುದ್ದಿಗೆ ಕ್ವಾಲ್ಕಾಮ್ ಷೇರು ಒಂದೇ ದಿನದಲ್ಲಿ ಶೇಕಡಾ 23ರಷ್ಟು ಏರಿತು. ಲೂಸಿ ಕೋ ಅವರ ತೀರ್ಪು ಹೊರಬಿದ್ದ ಮರುದಿನ, ಮೇ 22ರಂದು, ಶೇಕಡಾ ಸುಮಾರು 11ರಷ್ಟು ಇಳಿಯಿತು. ಐದೇ ವಾರಗಳ ಅಂತರದಲ್ಲಿ ಹಿಗ್ಗಿದವರೂ ಕುಗ್ಗಿದವರೂ ಹೊಸ ಸಂಶೋಧನೆಯೊಂದನ್ನು ಕಂಡು ಹಾಗಾದವರಲ್ಲ. ನ್ಯಾಯ ಯಾರ ಕಡೆಗಿದೆ ಎಂಬುದೂ ಆ ಏರಿಳಿತದಲ್ಲಿ ಪ್ರಶ್ನೆಯಾಗಲಿಲ್ಲ. ವ್ಯಾಜ್ಯವನ್ನೇ ಪಣಕ್ಕಿಟ್ಟು ಆಡುವ ಆಟಕ್ಕೆ ಹೂಡಿಕೆಯೆಂಬ ಗೌರವದ ಹೆಸರಿಟ್ಟರೆ ಅದರ ಸ್ವಭಾವ ಬದಲಾಗುವುದೆ?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಬಲ್ಲ ಶ್ರಾವಕನಿಗೆ ಷೇರಿನ ಅರ್ಥ ವಿವರಿಸಬೇಕಾಗಿಲ್ಲ. ಷೇರುದಾರನು ಕಂಪನಿಯ ಕಾರ್ಯವನ್ನು ತಾನೇ ಮಾಡುವವನಲ್ಲವೆಂಬುದು ನಿಜ. ಆದರೆ ಅವನು ಆ ಸಂಸ್ಥೆಯ ಅಂಶಿಕ ಒಡೆಯ. ಅವನ ಮತದಿಂದ ನಿರ್ದೇಶಕರು ಆಯ್ಕೆಯಾಗುತ್ತಾರೆ, ಅವನ ಮನೆಗೆ ಲಾಭಾಂಶ ಬರುತ್ತದೆ. ಲಾಭಾಂಶವನ್ನು ಸಂತೋಷದಿಂದ ಸ್ವೀಕರಿಸಿ ಅದು ಬಂದ ಬಗೆಯನ್ನು ಕೇಳದಿರುವುದು ಅನುಮೋದನೆಯಲ್ಲದೆ ಮತ್ತೇನು?

ಪ್ರತಿಯೊಂದು ದೊಡ್ಡ ಕಂಪನಿಯ ಮೇಲೂ ಮೊಕದ್ದಮೆಗಳಿರುತ್ತವೆ, ಎಲ್ಲವನ್ನೂ ಬಿಟ್ಟರೆ ಉಳಿಯುವುದೇನೆಂಬ ಆಕ್ಷೇಪವುಂಟು. ದಾವೆ ಹೂಡಿದ ಮಾತ್ರಕ್ಕೆ ಪ್ರತಿವಾದಿ ಅಪರಾಧಿಯಾಗನು. ಆಪಲ್ ಕೂಡ ಪರೋಪಕಾರಕ್ಕಾಗಿ ನ್ಯಾಯಾಲಯಕ್ಕೆ ಹೋದದ್ದಲ್ಲ. ಮೊಕದ್ದಮೆಯಿರುವ ಕಂಪನಿಗಳನ್ನೆಲ್ಲ ತ್ಯಜಿಸಬೇಕೆಂಬುದು ಇಲ್ಲಿನ ವಾದವಲ್ಲ. ಮೊಕದ್ದಮೆಯು ಕಂಪನಿಯ ಒಳಗಿನ ವ್ಯವಹಾರವನ್ನು ಬೆಳಕಿಗೆ ತರುತ್ತದೆ. ಆ ಬೆಳಕಿನಲ್ಲಿ ಕಂಡದ್ದನ್ನು ಹೂಡಿಕೆದಾರನು ಸ್ವತಃ ತೂಗಿ ನೋಡಬೇಕು. ಲಾಭವು ಉತ್ತಮ ವಸ್ತುವಿನಿಂದ ಬರುತ್ತಿದೆಯೋ, ಗಿರಾಕಿಗೆ ಬೇರೆ ದಾರಿಯಿಲ್ಲದ ಕಾರಣ ಬರುತ್ತಿದೆಯೋ? ಕೊಟ್ಟ ವಚನಕ್ಕೂ ನಡೆಗೂ ಹೊಂದಿಕೆಯುಂಟೋ? ಇದೇ ನಿಯಮವನ್ನು ತನ್ನ ಅಂಗಡಿಗೆ ಸರಕು ಒದಗಿಸುವವನು ತನ್ನ ಮೇಲೆ ಹೇರಿದರೆ ಅದನ್ನು ನ್ಯಾಯವೆನ್ನುತ್ತಿದ್ದನೋ? ಈ ಮೂರಕ್ಕೂ ಸಮಾಧಾನದ ಉತ್ತರ ದೊರೆತರೆ ಹೂಡಲಿ. ದೊರೆಯದಿದ್ದರೆ ಷೇರು ಎಷ್ಟೇ ಅಗ್ಗವಾಗಿದ್ದರೂ ಬಿಡಲಿ.

ದೇವಾಲಯಗಳ ವಿಶ್ವಸ್ತ ಮಂಡಲಿಗಳು ಇದು ತಮ್ಮ ಪ್ರಶ್ನೆಯಲ್ಲವೆಂದು ತಿಳಿಯಬಾರದು. ಧರ್ಮದತ್ತಿಯ ನಿಧಿಯನ್ನು ಎಲ್ಲಿ ಹೂಡಬಹುದೆಂಬುದಕ್ಕೆ ತೆರಿಗೆಯ ಕಾನೂನು ಮಿತಿಗಳನ್ನು ಹಾಕಿರುವುದು ನಿಜ. ಆದರೆ ದಾನಿಗಳ ಕುಟುಂಬಗಳು ವಿದೇಶದ ಷೇರುಗಳಲ್ಲಿ ಹಣ ತೊಡಗಿಸಬಲ್ಲವು. ಆ ಗಳಿಕೆಯ ಒಂದು ಪಾಲು ದಾನವಾಗಿ ಬಸದಿಗೆ ಬರುತ್ತದೆ. ಹದಿಮೂರನೆಯ ಶತಮಾನದ ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗಿಟ್ಟರು. ಪೂಜೆಯೂ ದಾನವೂ ಆ ತಳಹದಿಯ ಮೇಲೆ ನಿಲ್ಲತಕ್ಕವು. ದಾನದ ಮೊತ್ತವನ್ನು ಫಲಕದಲ್ಲಿ ಕೆತ್ತಿಸುವ ಮಂಡಲಿಗಳು ಅದರ ಮೂಲವನ್ನು ವಿನಯದಿಂದ ವಿಚಾರಿಸುವ ಪರಿಪಾಠವನ್ನೂ ಬೆಳೆಸಿಕೊಳ್ಳಬೇಕು.

ನ್ಯಾಯಾಲಯವು ತನ್ನ ಮುಂದೆ ಬಂದ ಕಾನೂನಿನ ಪ್ರಶ್ನೆಗೆ ಉತ್ತರ ಕೊಡುತ್ತದೆ. ಈ ಹಣ ತನ್ನ ಮನೆಗೆ ಬರಬಹುದೆ ಎಂಬ ಪ್ರಶ್ನೆ ಅದರ ಮುಂದೆ ಬರುವುದೇ ಇಲ್ಲ. ಅದನ್ನು ತೀರ್ಮಾನಿಸಬೇಕಾದವನು ಶ್ರಾವಕನೇ. ಆ ತೀರ್ಮಾನ ಷೇರು ಕೊಳ್ಳುವ ಮೊದಲೇ ಆಗತಕ್ಕದ್ದು.