ನೋಟಿಸ್ ಸಾಕು, ಹೊರಡೋಕೆ ದಾರಿ ಕೊಡಿ: ಕೊಡಗಿನ ಮಳೆಗಾಲ ಕೇಳುತ್ತಿರುವ ಪ್ರಶ್ನೆ

ಮುಂಗಾರು ಹತ್ತಿರ ಬಂತೆಂದರೆ ಕೊಡಗಿನಲ್ಲಿ ಒಂದು ವಾರ್ಷಿಕ ವಿಧಿ ಶುರುವಾಗುತ್ತೆ. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರದ ಇಳಿಜಾರಿನ ಮನೆಗಳಿಗೆ, ಸಿದ್ದಾಪುರದ ಹತ್ತಿರ ಕರಡಿಗೋಡಿನ ಹೊಳೆದಂಡೆಯ ಮನೆಗಳಿಗೆ ನೋಟಿಸ್ ಹೋಗುತ್ತೆ: ಇದು ಅಪಾಯದ ಜಾಗ, ಸುರಕ್ಷಿತ ಸ್ಥಳಕ್ಕೆ ಹೋಗಿ. ಎಲ್ಲಿಗೆ ಹೋಗಬೇಕು, ಎಷ್ಟು ದಿನಕ್ಕೆ, ಕೂಲಿ ಬಿಟ್ಟು ಹೊಟ್ಟೆಗೇನು ಅನ್ನೋ ಪ್ರಶ್ನೆಗಳು ಮಾತ್ರ ಆ ಮನೆಯವರ ತಲೆ ಮೇಲೇ ಉಳಿಯುತ್ತವೆ.

ಈ ಜಿಲ್ಲೆಗೆ ಎಚ್ಚರಿಕೆ ಬೇರೆ ಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಸುತ್ತಮುತ್ತ ಗುಡ್ಡಗಳು ಜಾರಿದವು. ಸುಮಾರು 20 ಜನ ಸತ್ತರು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋಯಿತು. ಸತತ ಮೂರು ಆಗಸ್ಟ್. ಇದನ್ನು ಇನ್ನೂ ‘ಅನಿರೀಕ್ಷಿತ ಪ್ರಕೃತಿ ವಿಕೋಪ’ ಅನ್ನೋದು ಆತ್ಮವಂಚನೆ.

ಮಣ್ಣು ಯಾಕೆ ಜಾರುತ್ತೆ?

ಎಂಜಿನಿಯರಿಂಗ್ ಓದಿದವನಾಗಿ ಇದನ್ನು ಸರಳವಾಗಿ ಹೇಳ್ತೀನಿ. ಇಳಿಜಾರಿನ ಮಣ್ಣು ನಿಂತಿರೋದು ಕಣಕಣಗಳ ನಡುವಿನ ಹಿಡಿತದಿಂದ. ದಿನಗಟ್ಟಲೆ ಮಳೆ ಸುರಿದಾಗ ಕಣಗಳ ನಡುವೆ ನೀರು ತುಂಬಿ ಒಳಗಿಂದ ಒತ್ತಡ ಹಾಕುತ್ತೆ, ಹಿಡಿತ ಸಡಿಲವಾಗುತ್ತೆ, ಮಣ್ಣಿನ ತೂಕವೂ ಏರುತ್ತೆ. ಅಂಥ ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ಹೋಂಸ್ಟೇಗೋ ಜೆಸಿಬಿಯಲ್ಲಿ ನೇರ ಕತ್ತರಿಸಿದ್ದರೆ, ಮೇಲಿನ ಮಣ್ಣಿಗೆ ಆಸರೆಯೇ ಇರಲ್ಲ. ಬರೆ ಕುಸಿತ ಅಂತ ನಾವು ಕರೆಯೋದು ಬಹುಪಾಲು ಇದನ್ನೇ. 2018ರ ಕುಸಿತಗಳ ಬಗ್ಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್‌ಐ) ಕೂಡ ಅತಿಮಳೆಯ ಜೊತೆಗೆ ಮನುಷ್ಯ ಇಳಿಜಾರನ್ನು ಬದಲಿಸಿದ್ದರತ್ತ ಬೆರಳು ತೋರಿಸಿತ್ತು. ಹಾಗಾಗಿ ಮಳೆಯನ್ನಷ್ಟೇ ಬೈದು ಸುಮ್ಮನಾಗೋ ಹಾಗಿಲ್ಲ.

ಕೂರುವ ತಯಾರಿ, ಹೊರಡುವ ತಯಾರಿ

ಮಳೆಗಾಲದ ತಯಾರಿ ಮಲೆನಾಡಿನ ಮನೆಗಳಿಗೆ ಹೊಸದೇನಲ್ಲ. ಬೇಸಿಗೆಯಲ್ಲೇ ಸೌದೆ ಒಟ್ಟೋದು, ಹಪ್ಪಳ ಒಣಗಿಸೋದು, ಅಕ್ಕಿ, ಒಣಮೀನು ಎತ್ತಿಡೋದು ಗೊತ್ತಿರೋದೇ. ಆದರೆ ಅದು ವಾರಗಟ್ಟಲೆ ಮನೆಯೊಳಗೆ ಕೂರೋಕೆ ಮಾಡಿಕೊಳ್ಳುವ ತಯಾರಿ. ಬರೆ ಕುಸಿಯೋ ಜಾಗದಲ್ಲಿ ಜೀವ ಉಳಿಸೋದು ಕತ್ತಲಾಗುವ ಮೊದಲೇ ಮನೆ ಬಿಡುವ ತಯಾರಿ. ನಮ್ಮ ಹಳ್ಳಿಗಳಲ್ಲಿ ಈ ಎರಡನೆಯದರ ಅಭ್ಯಾಸ ಇನ್ನೂ ಬೆಳೆದಿಲ್ಲ.

ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಆಧಾರ್, ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ, ಅವುಗಳ ಫೋಟೊ ದೂರದ ನೆಂಟರೊಬ್ಬರ ಫೋನಲ್ಲಿರಲಿ. ಅಜ್ಜ-ಅಜ್ಜಿಯ ಒಂದು ವಾರದ ಮಾತ್ರೆ, ಟಾರ್ಚ್, ಪವರ್‌ಬ್ಯಾಂಕ್ ಜೊತೆಗಿರಲಿ. ಯಾರ ಜೀಪು, ಯಾವ ದಾರಿ, ಯಾರ ಮನೆ ಅನ್ನೋದು ಮೊದಲೇ ನಿಗದಿಯಾಗಲಿ. ದನಗಳ ಹಗ್ಗ ಬಿಚ್ಚೋರು ಯಾರು ಅನ್ನೋದೂ ಅಷ್ಟೇ ಮುಖ್ಯ, ಎಷ್ಟೋ ಜನ ಹೊರಡದೆ ಉಳಿಯೋದೇ ಕೊಟ್ಟಿಗೆಗಾಗಿ.

ಮಣ್ಣೂ ಸೂಚನೆ ಕೊಡುತ್ತೆ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟು ಕಂಬ, ತಿಳಿಯಾಗಿದ್ದ ತೋಡು ಇದ್ದಕ್ಕಿದ್ದಂತೆ ಕೆಂಪಾಗೋದು, ಸರಿಯಾಗಿದ್ದ ಬಾಗಿಲು ಬಿಗಿಯಾಗೋದು. ಇದರಲ್ಲಿ ಒಂದು ಕಂಡರೂ ‘ಬೆಳಿಗ್ಗೆ ನೋಡೋಣ’ ಅನ್ನಬೇಡಿ.

ಹೊರಡೋ ಸ್ವಾತಂತ್ರ್ಯ ಯಾರಿಗಿದೆ?

ಇಲ್ಲಿವರೆಗೆ ಹೇಳಿದ್ದೆಲ್ಲ ಸ್ವಂತ ಮನೆ, ನಾಲ್ಕು ಕಾಸು, ಹೋಗೋಕೆ ನೆಂಟರಿರೋ ಕುಟುಂಬಗಳಿಗೆ ಅನ್ವಯಿಸುತ್ತೆ. ಕಾಫಿ ತೋಟದ ಲೈನ್ ಮನೆಯಲ್ಲಿರೋ ಕಾರ್ಮಿಕರಿಗೆ? ಮನೆ ಮಾಲೀಕರದ್ದು, ಕೂಲಿ ದಿನದ್ದು, ಪಹಣಿ ಇಲ್ಲವೇ ಇಲ್ಲ. ತೋಟ ಬಿಟ್ಟರೆ ಸೂರೂ ಕೂಲಿಯೂ ಒಟ್ಟಿಗೇ ಹೋಗುತ್ತವೆ. 2019ರಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ನೆಲ್ಲಿಹುದಿಕೇರಿಯಲ್ಲಿ ಮನೆ ಕಳೆದುಕೊಂಡವರಲ್ಲಿ ತೋಟದ ಕಾರ್ಮಿಕರು ಬಹಳ ಮಂದಿ. ಪಕ್ಕದ ವಯನಾಡನ್ನೂ ನೋಡಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ 250ಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ಎಸ್ಟೇಟ್ ಕಾರ್ಮಿಕರ ‘ಪಾಡಿ’ಗಳು ಗುಡ್ಡದ ಬುಡದಲ್ಲೇ ಇದ್ದವು. ಅಪಾಯದ ನಕ್ಷೆಯನ್ನೂ ಬಡತನದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಗೆರೆಗಳು ಎಷ್ಟೋ ಕಡೆ ಕೂಡುತ್ತವೆ.

ಮಾಹಿತಿ ಇದೆ, ಅಂಗಳಕ್ಕೆ ಬರಲ್ಲ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತೆ. ಇಷ್ಟು ಸೂಕ್ಷ್ಮ ಮಾಹಿತಿ ಇಟ್ಟುಕೊಂಡೂ ಜನರಿಗೆ ಸಿಗೋದು ‘ಜಿಲ್ಲೆಗೆ ಆರೆಂಜ್ ಅಲರ್ಟ್’ ಅನ್ನೋ ಒಂದು ಸಾಲು. ಅದೂ ಫೋನಿಗೆ. ಜೋರು ಮಳೆಗೆ ಮೊದಲು ಹೋಗೋದು ಕರೆಂಟು, ಹಿಂದೆಯೇ ಟವರ್. ‘ನಮ್ಮ ಪಂಚಾಯಿತಿಯಲ್ಲಿ ಇಷ್ಟು ಮಿಲಿಮೀಟರ್ ದಾಟಿದರೆ ಈ ಮನೆಗಳವರು ಈ ಶಾಲೆಗೆ’ ಅಂತ ಮೊದಲೇ ತೀರ್ಮಾನಿಸಿ, ಸೈರನ್ನೋ ಮಸೀದಿ-ದೇವಸ್ಥಾನದ ಮೈಕೋ ಬಳಸಿ ಹೇಳಿದರೆ ಅದು ಎಚ್ಚರಿಕೆ.

ದುಡ್ಡಿಲ್ಲ ಅನ್ನೋ ನೆಪವೂ ನಿಲ್ಲಲ್ಲ. 15ನೇ ಹಣಕಾಸು ಆಯೋಗ 2021-26ರ ವಿಪತ್ತು ನಿಧಿಯಲ್ಲಿ ಶೇ 20ನ್ನು ಅಪಾಯ ತಗ್ಗಿಸೋ ಕೆಲಸಕ್ಕೆ, ಶೇ 10ನ್ನು ಪೂರ್ವಸಿದ್ಧತೆಗೆ ಎತ್ತಿಟ್ಟಿತು. 2019ರಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಒಳ್ಳೆಯದೇ. ಆದರೆ ಮನೆ ಬಿದ್ದ ಮೇಲೆ 5 ಲಕ್ಷ, ಬೀಳೋ ಮೊದಲು ಬರೀ ನೋಟಿಸ್ ಅಂದರೆ ಏನರ್ಥ? ಮಳೆಗಾಲದ ಮೂರು ತಿಂಗಳ ಬಾಡಿಗೆ, ಹೊರಟ ದಿನಗಳ ಕೂಲಿ, ಲೈನ್ ಮನೆಗಳ ಸುರಕ್ಷತೆಗೆ ಮಾಲೀಕರ ಹೊಣೆ, ಇಳಿಜಾರು ಕತ್ತರಿಸೋಕೆ ಕಟ್ಟುನಿಟ್ಟು. ಇವು ಪರಿಹಾರಕ್ಕಿಂತ ಅಗ್ಗ.

ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ವಿಷಯ ಕೇಳಿ. ನಮ್ಮ ಪಂಚಾಯಿತಿಯ ಅಪಾಯದ ಮನೆಗಳ ಪಟ್ಟಿಯಲ್ಲಿ ಲೈನ್ ಮನೆಗಳಿವೆಯಾ? ಕಾಳಜಿ ಕೇಂದ್ರ ಯಾವುದು, ಅದಕ್ಕೆ ಹೋಗೋ ರಸ್ತೆಯೇ ಕುಸಿದರೆ ಇನ್ನೊಂದು ದಾರಿ ಯಾವುದು? ಎಷ್ಟು ಮಳೆಗೆ ಜನರನ್ನು ಹೊರಡಿಸ್ತೀರಿ? ಉತ್ತರ ಬಾಯಿಮಾತಲ್ಲಿ ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ.