ಇನ್ನೊಂದು ಕನೆಕ್ಷನ್ ಹಾಕಿಸೋ ಮುಂಚೆ ಮನೆಯೊಳಗಿನ ವೈರ್ ನೋಡ್ರಪ್ಪ

ಅಡಿಕೆ ಸುಲಿಯೋ ಕೆಲಸ ಮುಗೀತು, ಬರೆಯೋಕೆ ಒಂಚೂರು ಪುರುಸೊತ್ತು ಸಿಕ್ಕಿದೆ. ಇವತ್ತು ಕೊಳೆರೋಗ, ಬೋರ್ಡೋ ಯಾವುದೂ ಅಲ್ಲ. ಮನೆ ಇಂಟರ್‌ನೆಟ್ ವಿಷಯ. "ಎಸ್ಸೆಸ್ಸೆಲ್ಸಿ ಓದಿದೋನಿಗೆ ಈ ಉಸಾಬರಿ ಯಾಕೆ" ಅನ್ನೋರು ಅನ್ನಲಿ. ದುಡ್ಡು ಹೋಗಿದ್ದು ನನ್ನ ಜೇಬಿಂದ. ಇನ್ನೊಂಚೂರಾಗಿದ್ರೆ ಮಗನೂ ಮನೆ ಬಿಟ್ಟು ಹೋಗ್ತಿದ್ದ.

ಹೇಳೋದನ್ನ ಮೊದಲೇ ಹೇಳಿಬಿಡ್ತೀನಿ. ನಮ್ಮ ಲಿಂಗದಹಳ್ಳಿ ಕಡೆ ಒಂದು ಮನೇಲಿ ಎರಡು ಮೂರು ಕಂಪ್ಯೂಟರ್ ಆದ ತಕ್ಷಣ ಎರಡನೇ ಕನೆಕ್ಷನ್ ತಗೋತಾರೆ, ದೊಡ್ಡ ಪ್ಲಾನ್ ಹಾಕಿಸ್ತಾರೆ, ಬೂಸ್ಟರ್ ತರ್ತಾರೆ. ನಾನು ಹೋಗಿ ನೋಡಿದ ಮನೆಗಳಲ್ಲಿ ಬಾಗಿಲ ತನಕ ಬಂದಿರೋ ಲೈನ್ ಚೆನ್ನಾಗೇ ಇತ್ತು. ಕೆಟ್ಟಿದ್ದು ಬಾಗಿಲ ಒಳಗೆ. ಅದನ್ನ ಸರಿ ಮಾಡೋಕೆ ತಿಂಗಳು ತಿಂಗಳು ಬಿಲ್ ಕಟ್ಟೋದು ಬೇಡ, ಒಂದು ಸ್ವಿಚ್ಚು, ಒಂದಿಷ್ಟು ವೈರ್ ಸಾಕು.

ನಮ್ಮನೆ ಕಥೆ ಕೇಳಿ. 2020ರ ಲಾಕ್‌ಡೌನ್‌ನಲ್ಲಿ ಮಗ ಬೆಂಗಳೂರಿಂದ ಬಂದ. ಕಂಪನಿಯವರು ಮನೆಯಿಂದಲೇ ಕೆಲಸ ಮಾಡು ಅಂದ್ರು, ಆಮೇಲೂ ಹಂಗೇ ಮುಂದುವರೀತು. ಬೆಳಗ್ಗೆ ಎದ್ದು ತೋಟಕ್ಕೆ ನೀರು ಬಿಟ್ಟು ಬಂದು ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂರ್ತಿದ್ದ. ನನಗೆ ಇದಕ್ಕಿಂತ ಇನ್ನೇನು ಬೇಕು? ಮಗಳು ಬಿ.ಕಾಂ, ಅವಳಿಗೊಂದು ಲ್ಯಾಪ್‌ಟಾಪ್. ಒಂದೇ ಅಂಗಳದಲ್ಲಿ ತಮ್ಮನ ಮನೆ. ಅವನ ಹತ್ರ ಲೆಕ್ಕಪತ್ರದ ಕಂಪ್ಯೂಟರ್, ಅವನ ಮಗಳಿಗೆ ಪಿಯುಸಿ ಕ್ಲಾಸಿಗೆ ಇನ್ನೊಂದು. ಒಟ್ಟು ನಾಲ್ಕು.

ಮಗನ ಮೀಟಿಂಗ್ ಅರ್ಧಕ್ಕೇ ಕಟ್ ಆಗೋಕೆ ಶುರುವಾಯ್ತು. ಲೈನ್ ಹುಡುಗ ಬಂದು ಒಂದು ಬೂಸ್ಟರ್ ಕೊಟ್ಟ, 2,800 ರೂಪಾಯಿ. ಆಗಲಿಲ್ಲ. "ಲೋಡ್ ಜಾಸ್ತಿ ಸಾರ್, ನಾಲ್ಕು ಸಿಸ್ಟಮ್‌ಗೆ ಒಂದು ಲೈನ್ ತಡೆಯಲ್ಲ" ಅಂದ. ತಮ್ಮನ ಮನೆಗೆ ಬೇರೆ ಕನೆಕ್ಷನ್ ಹಾಕಿಸಿದ್ವಿ, ತಿಂಗಳಿಗೆ 600. ಹದಿನಾಲ್ಕು ತಿಂಗಳು ಕಟ್ಟಿದ್ವಿ. ಲೆಕ್ಕ ಹಾಕಿ, 8,400 ರೂಪಾಯಿ. ಅವರ ಎರಡು ಕಂಪ್ಯೂಟರ್ ಬೇರೆ ಲೈನಿಗೆ ಹೋದ್ರೂ ಮಗನ ಮೀಟಿಂಗ್ ಕಟ್ ಆಗೋದು ನಿಲ್ಲಲಿಲ್ಲ. ಅಲ್ಲೇ ನನಗೆ ಹೊಳೀಬೇಕಿತ್ತು, ಹೊಳೀಲಿಲ್ಲ. ಒಂದು ದಿನ ಮಗ ಊಟಕ್ಕೆ ಕೂತಾಗ, "ಅಪ್ಪ, ಮುಂದಿನ ತಿಂಗಳು ಪೀಜಿ ನೋಡ್ಕೊಂಡು ಹೋಗ್ತೀನಿ, ಇಲ್ಲಿ ಕೆಲಸ ಉಳಿಯಲ್ಲ" ಅಂದ. ಅವಳ ಅಮ್ಮನ ಪಕ್ಕ ಕೂತಿದ್ದ ಮಗಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಡ್ರಿಪ್‌ನಲ್ಲಿ ಕೊನೇ ಸಾಲಿಗೆ ನೀರು ಹೋಗದಿದ್ರೆ ನಾವೇನು ಮಾಡ್ತೀವಿ? ಹೊಸ ಬೋರ್ ಕೊರೆಸ್ತೀವಾ? ಮೊದಲು ಮೋಟರ್ ಹತ್ರ ನೀರು ಎಷ್ಟು ಬರ್ತಿದೆ ನೋಡ್ತೀವಿ, ಆಮೇಲೆ ಪೈಪ್ ಹಿಡ್ಕೊಂಡು ನಡೀತೀವಿ. ಬೆಳಗ್ಗೆ ಅದನ್ನೇ ಮಾಡಿಸಿದೆ. ಮಗನ ಲ್ಯಾಪ್‌ಟಾಪ್ ಜಗಲಿಗೆ ತಂದು ರೂಟರ್‌ಗೆ ನೇರ ವೈರ್ ಚುಚ್ಚಿದ್ವಿ. ನಮ್ಮದು 100 ಎಂಬಿಪಿಎಸ್ ಪ್ಲಾನ್, 90 ದಾಟಿ ತೋರಿಸ್ತು. ಅದೇ ಲ್ಯಾಪ್‌ಟಾಪ್ ಹಿಂದಿನ ಕೋಣೆಗೆ ಒಯ್ದು ವೈಫೈನಲ್ಲಿ ನೋಡಿದ್ರೆ ಆರು, ಏಳು, ಒಮ್ಮೊಮ್ಮೆ ಸೊನ್ನೆ. ನಡುವೆ ಇರೋದು ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆ. ತಪ್ಪು ಲೈನಿಂದಲ್ಲ, ಲೋಡಿಂದೂ ಅಲ್ಲ. ಮೀಟರ್ ಬೋರ್ಡ್ ಪಕ್ಕ ಮೊಳೆ ಸಿಕ್ತು ಅಂತ ರೂಟರ್ ಅಲ್ಲೇ ನೇತು ಹಾಕಿ ಹೋಗಿದ್ರು, ನಾವು ಕೇಳಲಿಲ್ಲ.

"ಲೋಡ್" ಅನ್ನೋ ಮಾತನ್ನೂ ಲೆಕ್ಕ ಹಾಕೋಣ. ಒಂದು ಒಳ್ಳೆ ವಿಡಿಯೋ ಮೀಟಿಂಗ್‌ಗೆ ನಾಲ್ಕೈದು ಎಂಬಿಪಿಎಸ್ ಸಾಕು. ನಾಲ್ಕು ಕಂಪ್ಯೂಟರಲ್ಲೂ ಒಟ್ಟಿಗೇ ಮೀಟಿಂಗ್ ನಡೆದ್ರೂ 20. ನಾನು ಕಟ್ತಿರೋದು 100ಕ್ಕೆ. ಅದು ಸಾಲಲ್ಲ ಅಂದೋನು ಲೆಕ್ಕ ಹಾಕಿ ಹೇಳಿದ್ದಲ್ಲ, ನಾವು ಲೆಕ್ಕ ಕೇಳಲ್ಲ ಅಂತ ಗೊತ್ತಿದ್ದು ಹೇಳಿದ್ದು.

ಈಗ ರೂಟರ್, ಸ್ವಿಚ್ಚು ಅಂದ್ರೇನು ಅಂತ ನನಗೆ ತಿಳಿದಷ್ಟು ಹೇಳ್ತೀನಿ. ಹೊರಗಿನ ಪ್ರಪಂಚಕ್ಕೆ ನಮ್ಮನೆ ಇಂಟರ್‌ನೆಟ್ ಒಂದೇ ವಿಳಾಸ. ಹಳೇ ಪದ್ಧತಿಯ ವಿಳಾಸಗಳು ಇರೋದೇ ಸುಮಾರು 430 ಕೋಟಿ, ಪ್ರಪಂಚದಲ್ಲಿರೋ ಎಲ್ಲ ಫೋನು ಕಂಪ್ಯೂಟರಿಗೆ ಒಂದೊಂದು ಕೊಡೋಕೆ ಆಗಲ್ಲ. ಅದಕ್ಕೆ ರೂಟರ್ ಮನೆಯೊಳಗೆ ತಾನೇ ಬೇರೆ ನಂಬರ್ ಹಂಚುತ್ತೆ, 192.168ರಿಂದ ಶುರುವಾಗೋದನ್ನ ನೋಡಿರ್ತೀರಿ. ಯಾವ ಕಂಪ್ಯೂಟರ್ ಏನು ಕೇಳ್ತು ಅಂತ ಲೆಕ್ಕ ಇಟ್ಟು, ಬಂದಿದ್ದನ್ನ ಅದಕ್ಕೇ ತಲುಪಿಸುತ್ತೆ. ಸ್ವಿಚ್ಚು ಅಂದ್ರೆ ರೂಟರ್‌ನಲ್ಲಿ ತೂತು ಸಾಲದಾಗ ಇಡೋ ಪೆಟ್ಟಿಗೆ. ಒಂದು ವೈರ್ ರೂಟರಿಂದ ಅದಕ್ಕೆ, ಅದರಿಂದ ಒಂದೊಂದು ವೈರ್ ಒಂದೊಂದು ಕಂಪ್ಯೂಟರಿಗೆ. ಸ್ವಿಚ್ಚು ಹೊಸ ನೀರು ತರಲ್ಲ, ಇರೋ ನೀರನ್ನ ಸೋರದ ಹಾಗೆ ಕೊನೇ ಗಿಡಕ್ಕೆ ಮುಟ್ಟಿಸುತ್ತೆ.

ಖರ್ಚು: ಎಂಟು ತೂತಿನ ಗಿಗಾಬಿಟ್ ಸ್ವಿಚ್ಚು 1,450. ಕ್ಯಾಟ್ ಸಿಕ್ಸ್ ಕೇಬಲ್ 60 ಮೀಟರ್, ಮೀಟರಿಗೆ 22ರಂತೆ 1,320. ಪೈಪು, ತುದಿಗೆ ಹಾಕೋ ಪಿನ್ನು 400. ಒಟ್ಟು 3,170. ಒಂದು ಭಾನುವಾರದ ಕೆಲಸ. ಮಗ ಅಟ್ಟದ ಮೇಲೆ, ನಾನು ಕೆಳಗೆ.

ಒಂದು ದೊಡ್ಡ ತಪ್ಪೂ ಮಾಡಿದೆ, ಮುಚ್ಚಿಡಲ್ಲ. ತಮ್ಮನ ಮನೆಗೂ ಅಂಗಳದ ಮೇಲೆ ಅದೇ ತಾಮ್ರದ ವೈರ್ ಎಳೆದೆ. ತಾಮ್ರದ ವೈರ್ 100 ಮೀಟರ್ ತನಕ ನಡೆಯುತ್ತೆ, ನಮ್ಮದು 40 ಮೀಟರ್, ಇನ್ನೇನು ಅಂದ್ಕೊಂಡೆ. ಹೋದ ಮೇ ತಿಂಗಳು ಕೆಮ್ಮಣ್ಣುಗುಂಡಿ ಕಡೆಯಿಂದ ಬಂದ ಗುಡುಗು ಸಿಡಿಲಿಗೆ ಸ್ವಿಚ್ಚಿನ ಎರಡು ತೂತು ಸುಟ್ಟೋದ್ವು. ಕಂಪ್ಯೂಟರ್ ಉಳೀತು, ದೇವರು ದೊಡ್ಡೋನು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೀಬೇಡಿ. ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿ. ಫೈಬರ್ ಗಾಜಿಂದು, ಕರೆಂಟ್ ಹರಿಯಲ್ಲ. (ಬಿಗಿಯಾಗಿರಲಿ ಅಂತ ಒಳಗೆ ಸ್ಟೀಲ್ ತಂತಿ ಇರೋ ಫೈಬರೂ ಬರುತ್ತೆ, ಅದು ಬೇಡ ಅಂತ ಕೇಳಿ ತಗೊಳ್ಳಿ.) ನನಗೆ 2,900 ಆಯ್ತು. ಎಲ್ಲ ಸೇರಿ 6,070. ಎರಡನೇ ಕನೆಕ್ಷನ್ನಿನ ಒಂದು ವರ್ಷದ 7,200ಕ್ಕಿಂತ ಕಡಿಮೆ. ಆ ಕನೆಕ್ಷನ್ ತೆಗೆಸಿದ್ವಿ.

"ವೈಫೈ ಇರೋವಾಗ ಯಾರ್ರೀ ವೈರ್ ಎಳೀತಾರೆ" ಅಂತ ನಗೋರಿದ್ದಾರೆ. ಫೋನಿಗೆ ವೈಫೈ ಇರಲಿ, ಬೇಡ ಅನ್ನಲ್ಲ. ಒಂದೇ ಜಾಗದಲ್ಲಿ ಕೂತು ದುಡಿಯೋ ಕಂಪ್ಯೂಟರಿಗೆ ವೈರೇ ಸರಿ. 5 ಗಿಗಾಹರ್ಟ್ಸ್ ವೈಫೈ ವೇಗ ಇದ್ರೂ ಗೋಡೆ ದಾಟೋಕೆ ಒದ್ದಾಡುತ್ತೆ, 2.4 ದಾಟುತ್ತೆ ಆದ್ರೆ ನಿಧಾನ. ನಮ್ಮ ಹಳೇ ಮನೆಗಳ ಗೋಡೆ ಬೆಂಗಳೂರಿನ ಫ್ಲ್ಯಾಟಿನ ಗೋಡೆ ಅಲ್ಲ.

"ಲೈನೇ ವಾರಕ್ಕೆ ಮೂರು ಸಲ ಹೋಗುತ್ತೆ" ಅನ್ನೋರ ಮಾತು ಬೇರೆ. ಅಂಥ ಕಡೆ ಎರಡನೇ ಲೈನ್ ಇಟ್ಕೊಳ್ಳಿ, ಒಪ್ತೀನಿ. ಆದ್ರೆ ಮೊದಲು ರೂಟರ್‌ಗೆ ನೇರ ವೈರ್ ಹಾಕಿ ಪರೀಕ್ಷೆ ಮಾಡಿ. ಹಂಗಂತ ಒಂದು ಲೈನನ್ನ ಊರಿಗೆಲ್ಲ ಹಂಚಿ ದುಡ್ಡು ಎತ್ತೋಕೂ ಹೋಗಬೇಡಿ. ಮನೆ ಕನೆಕ್ಷನ್ನನ್ನ ಹಂಗೆಲ್ಲ ಮಾರೋ ಹಾಗಿಲ್ಲ. ಯಾರೋ ಮಾಡಿದ ಕಿತಾಪತಿಗೆ ಪೊಲೀಸರು ಬರೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಮಾಡೋರಿಗೆ ನಾಲ್ಕು ಮಾತು. ಕೇಬಲ್ ಒಳಗಿನ ತಂತಿ ಚಾಕುವಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಒಂದೇ ವೈರಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಚುಚ್ಚಬೇಡಿ, ಇಡೀ ಮನೆ ನೆಟ್ ನಿಂತೋಗುತ್ತೆ. ಹಳೇ ರೂಟರನ್ನೇ ಸ್ವಿಚ್ಚಿನ ಥರ ಬಳಸೋದಾದ್ರೆ ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸದ ನಂಬರು ಬೇರೆ ಕೊಟ್ಟು, ಲ್ಯಾನ್ ತೂತಿಗೇ ವೈರ್ ಹಾಕಿ. ಇಲ್ದಿದ್ರೆ ಮನೇಲಿ ಇಬ್ಬರು ಯಜಮಾನರಾಗಿ ಇಬ್ಬರೂ ನಂಬರ್ ಹಂಚ್ತಾರೆ. ಕರೆಂಟ್ ಹೋದಾಗ ರೂಟರ್‌ಗೆ ಬ್ಯಾಟರಿ ಇಟ್ಟು ಸ್ವಿಚ್ಚನ್ನ ಮರೀಬೇಡಿ, ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ ತಗೊಳ್ಳಿ.

ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿದ್ದು 2011ರಲ್ಲಿ, ಭಾರತ್‌ನೆಟ್ ಅಂತ ಹೆಸರಾಗಿದ್ದು 2015ರಲ್ಲಿ. ಅದರ ಬಗ್ಗೆ ಭಾಷಣ ಬೇಕಾದಷ್ಟು ಕೇಳಿದ್ದೀವಿ. ಜಗಲಿಯಿಂದ ಹಿಂದಿನ ಕೋಣೆಗೆ ಇರೋ ಇಪ್ಪತ್ತು ಮೀಟರ್ ಬಗ್ಗೆ ಯಾರೂ ಭಾಷಣ ಮಾಡಲ್ಲ, ಅದು ನಮ್ಮ ಕೆಲಸ. ಎಕರೆಗಟ್ಟಲೆ ಡ್ರಿಪ್ ಎಳೆದು, ವಾಲ್ವ್ ಕೂರಿಸಿ, ಸ್ಟಾರ್ಟರ್ ರಿಪೇರಿ ಮಾಡೋ ಕೈಗೆ ಈ ವೈರ್ ಏನು ಮಹಾ? "ಅದೆಲ್ಲ ಹುಡುಗರಿಗೆ ಬಿಟ್ಟಿದ್ದು" ಅಂತ ನಾವು ಕೈ ತೊಳ್ಕೊಂಡ್ರೆ ಆ ಹುಡುಗರೇ ಬ್ಯಾಗ್ ಹಾಕ್ಕೊಂಡು ಬೆಂಗಳೂರು ಬಸ್ ಹತ್ತಿರ್ತಾರೆ. ಆಮೇಲೆ ತೋಟಕ್ಕೆ ಜನ ಇಲ್ಲ ಅಂತ ಕಟ್ಟೆ ಮೇಲೆ ಕೂತು ಗೋಳಾಡೋದು.

ನನ್ನ ಮಗ ಇನ್ನೂ ಹಿಂದಿನ ಕೋಣೇಲೇ ಕೆಲಸ ಮಾಡ್ತಿದ್ದಾನೆ. ಯಾರಿಗಾದ್ರೂ ನೋಡಬೇಕು ಅನ್ನಿಸಿದ್ರೆ ಸಂಜೆ ಹೊತ್ತು ಮನೆ ಕಡೆ ಬನ್ನಿ. ಪಿನ್ ಹಾಕೋ ಕ್ರಿಂಪಿಂಗ್ ಟೂಲ್ ನಮ್ಮನೇಲೇ ಇದೆ, ಕೇಳಿದೋರಿಗೆ ಕೊಡ್ತೀನಿ. ವಾಪಸ್ ತಂದ್ಕೊಡಿ ಅಷ್ಟೇ.