ಮಧುಮೇಹಿಗಳಿಗೆ ವರ್ಷಕ್ಕೊಮ್ಮೆ ಉಚಿತ ಫ್ಲೂ ಲಸಿಕೆ ನೀಡುವಂತೆ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಇಲಾಖೆ,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು.

ಇವರಿಂದ:
ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಧುಮೇಹಿಗಳು ಮತ್ತು ಅವರ ಮನೆಯವರು.

ವಿಷಯ: ಮಳೆಗಾಲಕ್ಕೆ ಮುನ್ನ ಎನ್‌ಸಿಡಿ ಕ್ಲಿನಿಕ್‌ಗಳಲ್ಲೇ ಫ್ಲೂ ಲಸಿಕೆ ಹಾಕುವ ಬಗ್ಗೆ.

ಮಾನ್ಯರೇ,

ನಾವು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬಂದು ಎನ್‌ಸಿಡಿ ಕ್ಲಿನಿಕ್‌ನ ಸರದಿಯಲ್ಲಿ ನಿಲ್ಲುವವರು. ನರ್ಸ್ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಬಿ.ಪಿ. ಬರೆದುಕೊಳ್ಳುತ್ತಾರೆ, ಮೆಟ್‌ಫಾರ್ಮಿನ್ ಮಾತ್ರೆಗಳನ್ನು ಎಣಿಸಿ ಕೊಡುತ್ತಾರೆ. ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಗುರುವಾರ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೋಣೆ ಇದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಕಾಯುವ ಫ್ರಿಜ್ ಅಲ್ಲಿದೆ, ಬೆಳಿಗ್ಗೆ ಸಂಜೆ ಅದರ ಉಷ್ಣಾಂಶ ಬರೆದಿಡುವವರೂ ಇದ್ದಾರೆ. ಲಸಿಕೆ ಬೇಕಾದವರು ನಾವಿದ್ದೇವೆ, ಹಾಕಬಲ್ಲವರು ಅಲ್ಲಿದ್ದಾರೆ. ಫ್ಲೂ ಲಸಿಕೆ ಮಾತ್ರ ಇಲ್ಲ. ಅದನ್ನು ಕೇಳಲು ಈ ಮನವಿ.

ಕಳೆದ ಮಳೆಗಾಲದಲ್ಲಿ ನಮ್ಮೊಂದಿಗೆ ಸರದಿಯಲ್ಲಿ ನಿಲ್ಲುತ್ತಿದ್ದ ಹಿರಿಯರೊಬ್ಬರಿಗೆ ಜ್ವರ, ಕೆಮ್ಮು ಬಂತು. ನೆಗಡಿ ತಾನೇ ಎಂದು ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿದರು. ಬಾಯಿ ಕೆಟ್ಟು ಊಟ ಬಿಟ್ಟರು. ಊಟವೇ ಇಲ್ಲದ ಮೇಲೆ ಶುಗರ್ ಮಾತ್ರೆ ಯಾಕೆಂದು ಅದನ್ನೂ ಬಿಟ್ಟರು. ಏದುಸಿರು ಶುರುವಾದಾಗ ಗ್ಲುಕೋಮೀಟರ್‌ನಲ್ಲಿ ಅಂಕಿಯೇ ಬರಲಿಲ್ಲ, ‘ಹೈ’ ಎಂದಷ್ಟೇ ತೋರಿಸಿತು. ಎಚ್1ಎನ್1 ಫ್ಲೂ ಎಂದು ಗೊತ್ತಾಗಿದ್ದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ. ಜೀವ ಉಳಿಯಿತು, ಬಿಲ್ ಕಟ್ಟಲು ಹಾಲು ಕರೆಯುತ್ತಿದ್ದ ಹಸುವನ್ನು ಮಾರಿದರು.

ಇದು ಒಬ್ಬರ ಕಥೆಯಲ್ಲ, ಮಧುಮೇಹದ ಸ್ವಭಾವವೇ ಹೀಗೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳ ಕಸುವು ತಗ್ಗುತ್ತದೆ. ಸೋಂಕು ಹತ್ತಿದ ಮೇಲೆ ದೇಹದ ಒತ್ತಡದಿಂದ ಸಕ್ಕರೆ ಮತ್ತಷ್ಟು ಏರುತ್ತದೆ. ಬೇರೆಯವರು ವಾರದಲ್ಲಿ ಎದ್ದು ಓಡಾಡುವ ಫ್ಲೂ ನಮ್ಮಲ್ಲಿ ನ್ಯುಮೋನಿಯಾಕ್ಕೆ ತಿರುಗುವ ಸಂಭವ ಹೆಚ್ಚು. 2015ರಲ್ಲಿ ದೇಶದಲ್ಲಿ ಎಚ್1ಎನ್1 ದೃಢಪಟ್ಟ 42,000ಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 3,000 ಜನ ತೀರಿಕೊಂಡರು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ.

ಮಧುಮೇಹಿಗಳು ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ನಮ್ಮ ದೇಶದ ಮಧುಮೇಹ ತಜ್ಞರೂ ಹೇಳಿದ್ದಾರೆ. ಬ್ರಿಟನ್‌ನಲ್ಲಿ ಅದು ಉಚಿತ. ನಮ್ಮಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲೇ ಅದಿಲ್ಲ. ಹೊರಗೆ ಹಾಕಿಸಿಕೊಳ್ಳಲು ಸಾವಿರಕ್ಕೂ ಮೇಲೆ ತೆರಬೇಕು. ಕೂಲಿಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದರೆ ಆ ಮಾತೇ ಏಳುವುದಿಲ್ಲ. 45 ವರ್ಷ ದಾಟಿದವರಲ್ಲಿ ಈ ಲಸಿಕೆ ಪಡೆದವರು ನೂರಕ್ಕೆ ಇಬ್ಬರೂ ಇಲ್ಲವೆಂದು 2017-18ರ ರಾಷ್ಟ್ರೀಯ ಸಮೀಕ್ಷೆ ತೋರಿಸಿದೆ. ಜನಕ್ಕೆ ಅರಿವಿಲ್ಲ ಎಂದು ಇದನ್ನು ತಳ್ಳಿಹಾಕಬಾರದು. ಡಾಕ್ಟರು ಹೇಳದ, ಆಸ್ಪತ್ರೆಯಲ್ಲಿ ಸಿಗದ ಲಸಿಕೆಯ ಅರಿವು ಯಾರಿಗಾದರೂ ಎಲ್ಲಿಂದ ಬರಬೇಕು?

ಭಯವೂ ಇದೆ, ಮುಚ್ಚಿಡುವುದಿಲ್ಲ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾಗಿ, ಅದಕ್ಕೆ ಕೋವಿಡ್ ಲಸಿಕೆ ಕಾರಣವೆಂಬ ಮಾತು ಹಬ್ಬಿದಾಗಿನಿಂದ ಲಸಿಕೆ ಎಂದರೆ ಎದೆ ಮುಟ್ಟಿಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಹಠಾತ್ ಸಾವುಗಳಿಗೂ ಕೋವಿಡ್ ಲಸಿಕೆಗೂ ಸಂಬಂಧವಿಲ್ಲವೆಂದು ಸರ್ಕಾರದ ತಜ್ಞರ ಸಮಿತಿ ಹೇಳಿದ್ದು ಹಳ್ಳಿಯ ಜಗಲಿಗೆ ತಲುಪಲಿಲ್ಲ. ಕೆನಡಾದ ಒಂಟಾರಿಯೋದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವಂತೂ ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಆರು ಪಟ್ಟು ಹೆಚ್ಚುವುದನ್ನು ಕಂಡಿತು. ಹೃದಯದ ವಿಷಯದಲ್ಲಿ ಹೆದರಬೇಕಾದದ್ದು ಫ್ಲೂ ಜ್ವರಕ್ಕೆ, ಲಸಿಕೆಗಲ್ಲ. ಚುಚ್ಚುಮದ್ದಿನಲ್ಲಿರುವುದು ಜೀವಂತ ವೈರಸ್ ಅಲ್ಲ, ಅದರಿಂದ ಫ್ಲೂ ಬರುವುದಿಲ್ಲ. ತೋಳು ನೋವು, ಒಂದೆರಡು ದಿನ ಮೈ ಬಿಸಿ ಇರಬಹುದು. ಇಷ್ಟನ್ನು ಬಿಳಿ ಕೋಟು ತೊಟ್ಟವರು ಎದುರಿಗೆ ಕೂತು ಹೇಳಿದರೆ ಜನ ನಂಬುತ್ತಾರೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ನೋಂದಾಯಿತ ಮಧುಮೇಹಿಗಳಿಗೆ ವರ್ಷಕ್ಕೊಂದು ಡೋಸ್ ಉಚಿತವಾಗಿ ನೀಡಬೇಕು. ಹಣ ಸಾಲದಿದ್ದರೆ 60 ದಾಟಿದವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರಿಂದ ಆರಂಭಿಸಲಿ; ಆದರೆ ಆರಂಭಿಸಲಿ.

2. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಏರುತ್ತದೆ, ಲಸಿಕೆ ಫಲ ಕೊಡಲು ಎರಡು ವಾರ ಬೇಕು. ವೈರಸ್ ಬದಲಾಗುವುದರಿಂದ ಹಳೆಯ ದಾಸ್ತಾನು ಸಲ್ಲದು. ಹಾಗಾಗಿ ಆಯಾ ವರ್ಷದ ಲಸಿಕೆ ಮೇ ತಿಂಗಳೊಳಗೆ ತಾಲ್ಲೂಕು ತಲುಪುವಂತೆ ಖರೀದಿ ಪ್ರಕ್ರಿಯೆ ಮುಂಚಿತವಾಗಿ ಆರಂಭವಾಗಬೇಕು.

3. ಶುಗರ್, ಬಿ.ಪಿ. ಬರೆಯುವ ಪುಸ್ತಕದಲ್ಲೇ ಫ್ಲೂ ಲಸಿಕೆಯ ದಿನಾಂಕಕ್ಕೆ ಒಂದು ಕಾಲಂ ಬೇಕು. ಕಾಲಂ ಖಾಲಿಯಿದ್ದರೆ ವೈದ್ಯರು ಕೇಳುತ್ತಾರೆ. ನಮ್ಮ ಅನುಭವದಲ್ಲಿ ಪುಸ್ತಕದಲ್ಲಿ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ.

4. ಗೃಹ ಆರೋಗ್ಯ ಯೋಜನೆಯಡಿ ಮನೆಮನೆಗೆ ಬಂದು ಮಧುಮೇಹ ಪತ್ತೆ ಮಾಡುವ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಲಸಿಕೆಯ ಬಗ್ಗೆ ತರಬೇತಿ ನೀಡಬೇಕು. ಅವರಿಗೂ ಲಸಿಕೆ ಹಾಕಬೇಕು.

5. ಎಷ್ಟು ಮಧುಮೇಹಿಗಳಿಗೆ ಲಸಿಕೆ ಸಿಕ್ಕಿತು ಎಂಬ ತಾಲ್ಲೂಕುವಾರು ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸಬೇಕು.

ಬರುವ ಮಳೆಗಾಲಕ್ಕೆ ಮುನ್ನ ಆದೇಶ ಹೊರಡಿಸಿ, ಕೈಗೊಂಡ ಕ್ರಮವನ್ನು ನಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)